ದೊರೆಸಾನಿಯ ಮೈ

“ಉಸುರು ಬುಡಬ್ಯಾಡ ಅಂದ್ನಲ್ಲೇ, ಬೇವರ್ಸಿ ಮುಂಡೆ! ಎದೆ ಏನು ಕುಲುಮೆ ತಿದೀನಾ, ಹಿಂಗೆ ಉಬ್ಬುಸ್ತೀಯಲ್ಲಾ?”

ಮೇಡಂ ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡೇ ಬೈಯುತ್ತಿದ್ದಳು. ಅದೂ ಒಂದು ವಿದ್ಯೆ. ಒಂದು ಸೂಜಿ ಉದುರುವುದಿಲ್ಲ, ಒಂದು ಬೈಗುಳವೂ ತಪ್ಪುವುದಿಲ್ಲ. ಟ್ಯಾಬಿ ಮರದ ಪೆಟ್ಟಿಗೆಯ ಮೇಲೆ ಎರಡೂ ಕೈ ಚಾಚಿ ನಿಂತಿದ್ದಳು. ಅವಳ ಮೈಮೇಲೆ ಲೇಡಿ ಆಲ್ತಿಯಾ ದೊರೆಸಾನಿಯ ತಿಳಿಗುಲಾಬಿ ಸ್ಯಾಟಿನ್ ರವಿಕೆಯಿತ್ತು. ಒಳಗೆ ಸೊಂಟ ಬಿಗಿಯುವ, ತಿಮಿಂಗಿಲದ ಎಲುಬಿನ ಕಡ್ಡಿಗಳ ಕಾರ್ಸೆಟ್ಟು. ಅದರ ಹುರಿಯನ್ನು ಎಳೆಯಲು ಮೇಡಂ ಟ್ಯಾಬಿಯ ಬೆನ್ನಿಗೆ ಮೊಣಕಾಲು ಕೊಟ್ಟಿದ್ದಳು.

“ಇನ್ನೊಂದು ಬೆರಳು ಒಳಕ್ಕೋಗ್ಬೇಕು.”

“ಇನ್ನೆಲ್ಲಿಗೆ ಹೋಯ್ತದೆ ಮೇಡಂ, ಒಳಗೆ ಕರುಳೈತೆ,” ಎಂದೆ ನಾನು.

“ನಿನ್ನ ಕೇಳ್ದೋರ್ಯಾರೇ, ಡಾರ್ಕಸ್? ನೀನು ಸೂಜಿಗೆ ದಾರ ಏರ್ಸು. ನಾಲ್ಗೆಗಲ್ಲ.”

ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿ ‘ಮೇಡಂ ಡೆಲೋರ್ಮ್, ಪ್ಯಾರಿಸ್’ ಎಂದಿದೆ. ಅವಳು ಪ್ಯಾರಿಸ್ಸಿನವಳಲ್ಲ. ಹೊಳೆಯಾಚೆಯ ಲ್ಯಾಂಬೆತ್‌ನ ಬೆಸ್ಸಿ ಸ್ಟಬ್ಸ್. ಅವಳಪ್ಪ ಹಾವುಮೀನು ಮಾರುತ್ತಿದ್ದ. ಕೆಳಗೆ ಗಿರಾಕಿಗಳ ಮುಂದೆ ಫ್ರೆಂಚರ ಹಾಗೆ ಮೂಗಿನಲ್ಲಿ ಉಲಿಯುತ್ತಾಳೆ, ಅಟ್ಟಕ್ಕೆ ಬಂದರೆ ಲ್ಯಾಂಬೆತ್ ಬಾಯಿಗೆ ಬರುತ್ತದೆ. ಲಂಡನ್ನಿನ ಅರ್ಧ ದೊರೆಸಾನಿಯರು ಅವಳ ಮೂಗನ್ನು ನಂಬಿ ಬರುತ್ತಾರೆ. ಬಟ್ಟೆ ಹೊಲಿಯುವವರು ನಾವು, ಅಟ್ಟದಲ್ಲಿ, ಗಾಜಿನ ಸೂರಿನ ಕೆಳಗೆ ಇಪ್ಪತ್ತು ಹೆಂಗಸರು. ಚಳಿಯಲ್ಲಿ ಸೆಟೆದು, ಬಿಸಿಲಲ್ಲಿ ಬೆಂದು.

ನಮ್ಮಲ್ಲಿ ದೊಡ್ಡ ಗಿರಾಕಿಗೆಲ್ಲ ಒಂದೊಂದು ‘ಮೈ’ ಇರುತ್ತದೆ. ದೊರೆಸಾನಿಯರು ಗಂಟೆಗಟ್ಟಲೆ ನಿಲ್ಲಲಾರರು, ಸೂಜಿ ಚುಚ್ಚಿದರೆ ಸಹಿಸಲಾರರು. ಅದಕ್ಕೇ ಅವರದೇ ಎತ್ತರ, ಅವರದೇ ಹೆಗಲು ಇರುವ ಹುಡುಗಿಯನ್ನು ಅಟ್ಟದಿಂದ ಆರಿಸಿ, ಅವಳ ಮೇಲೆ ಬಟ್ಟೆ ಕತ್ತರಿಸುವುದು. “ಲೇಡಿ ಆಲ್ತಿಯಾ ಮೈ ಎಲ್ಲಿ? ಕಳ್ಸು ಕೆಳಕ್ಕೆ,” ಎನ್ನುತ್ತಾಳೆ ಮೇಡಂ. ಟ್ಯಾಬಿ ಎನ್ನುವುದಿಲ್ಲ.

ಈ ಸಲ ಲೇಡಿ ಆಲ್ತಿಯಾ ಬಾಣಂತಿ. ನಾಡಿದ್ದು ಅರಮನೆಯಲ್ಲಿ ರಾಣಿಯವರ ಮುಂದೆ ಮಂಡಿ ಬಾಗಿಸಬೇಕು, ಹೆರಿಗೆಗೆ ಮುಂಚಿನ ಸೊಂಟವನ್ನೇ ತೋರಿಸಬೇಕು. ಆದರೆ ಅವರ ಡಾಕ್ಟರು, ಹಸಿ ಮೈ, ಆ ಒಂದು ದಿನ ಬಿಟ್ಟು ಬೇರೆ ದಿನ ಹುರಿ ಬಿಗಿಯಕೂಡದು ಅಂದಿದ್ದಾರೆ. ಹಾಗಾಗಿ ಆ ಸೊಂಟವನ್ನು ಟ್ಯಾಬಿಯ ಮೇಲೆ ಬಿಗಿದು ತೆಗೆಯುತ್ತಿದ್ದೆವು.

ಮೇಡಂಗೆ ಗೊತ್ತಿರಲಿಲ್ಲ, ನಮಗೆಲ್ಲ ಗೊತ್ತಿತ್ತು: ಟ್ಯಾಬಿಯೂ ಬಾಣಂತಿಯೇ.

ಚಳಿಗಾಲದಲ್ಲಿ, ಕೆಂಟ್‌ನಲ್ಲಿರುವ ತಾಯಿಗೆ ಹುಷಾರಿಲ್ಲವೆಂದು ಹೇಳಿ ಹೋಗಿ ಹೆತ್ತು ಬಂದವಳು. ಬಸುರಿಯಾಗಿದ್ದ ತಿಂಗಳುಗಳಲ್ಲಿ ಅವಳನ್ನು ಮೇಜಿನ ಮೂಲೆಗೆ ಕೂರಿಸಿ, ಮಡಿಲ ತುಂಬ ಬಟ್ಟೆ ಹರವಿ, ನಾವೇ ಮರೆಮಾಡಿದ್ದೆವು. ಅಪ್ಪನಾದವನು ಹಡಗು ಹತ್ತಿದ. ಹೆಣ್ಣು ಮಗು, ವಿನ್ನಿ ಎಂದು ಹೆಸರು. ನಮ್ಮ ಹಿತ್ತಿಲ ಗಲ್ಲಿಯಲ್ಲಿ ಗ್ರಿಬಲ್ ಮುದುಕಿಯ ಹತ್ತಿರ ಬಿಟ್ಟಿದ್ದಳು. ಮಧ್ಯಾಹ್ನದ ಊಟದ ಹೊತ್ತಿಗೆ ಕಲ್ಲಿದ್ದಲಿನ ಅಂಗಳ ದಾಟಿ ಓಡಿಹೋಗಿ ಹಾಲೂಡಿಸಿ ಬರುತ್ತಿದ್ದಳು. ತನ್ನ ಬ್ರೆಡ್ಡನ್ನು ಓಡುತ್ತಲೇ ತಿನ್ನುತ್ತಿದ್ದಳು. ಮದುವೆಯಿಲ್ಲದ ತಾಯಿಯೆಂದು ಗೊತ್ತಾದರೆ ಅವತ್ತೇ ಬೀದಿಗೆ. ಒಳ್ಳೆ ನಡತೆಯ ಪತ್ರವಿಲ್ಲದೆ ಬೇರೆ ಯಾವ ಹೊಲಿಗೆಮನೆಯೂ ಒಳಗೆ ಬಿಡುವುದಿಲ್ಲ. ಆಮೇಲೆ ಅವಳಿಗೂ ಕೂಸಿಗೂ ಉಳಿಯುವುದು ವರ್ಕ್‌ಹೌಸ್ ಎಂಬ ಬಡವರ ಸೆರೆಮನೆ. ಅಲ್ಲಿ ತಾಯಿಯನ್ನು ಒಂದು ಕಡೆ ಹಾಕುತ್ತಾರೆ, ಮಗುವನ್ನು ಇನ್ನೊಂದು ಕಡೆ.

ಅವತ್ತು ಊಟದ ಗಂಟೆ ಬಾರಿಸಿತು. ಟ್ಯಾಬಿ ಪೆಟ್ಟಿಗೆಯಿಂದ ಇಳಿಯಲು ಕಾಲು ಮುಂದಿಟ್ಟಳು.

“ಎಲ್ಲಿಗೇ?” ಎಂದಳು ಮೇಡಂ. “ದೊರೆಸಾನೀರು ಬೇಗ ಬತ್ತಾರಂತೆ, ಆಳು ಬಂದು ಹೇಳ್ಬುಟ್ಟು ಹೋದ. ಇವ್ಳಿಗೆ ಊಟ ಬ್ಯಾಡ, ಉಂಡ್ರೆ ಸೊಂಟ ಉಬ್ತದೆ. ಡಾರ್ಕಸ್, ಬೆನ್ನು ಹೊಲ್ದು ಕೂರ್ಸು.”

“ಮೇಡಂ, ಒಂದು ಗಳಿಗೆ ಹಿತ್ಲಕಡೆ...” ಎಂದಳು ಟ್ಯಾಬಿ.

“ಕಟ್ಕೋ. ದೊರೆಸಾನಿ ಸ್ಯಾಟಿನ್ ಉಟ್ಕಂಡು ಕಕ್ಕಸ್ಗೆ ಹೋಯ್ತಾಳಂತೆ, ಮೂತಿ ನೋಡು!”

ಮೇಡಂ ಇಳಿದು ಹೋದಳು. ಕೊನೆಯ ಸಲ ತೊಡಿಸಿ ನೋಡುವಾಗ ಕೊಕ್ಕೆ ಗುಂಡಿ ಏನೂ ಇರುವುದಿಲ್ಲ. ಅವನ್ನು ಹಾಕುವುದು ಎಲ್ಲ ಮುಗಿದ ಮೇಲೆ. ಹುಡುಗಿಯನ್ನು ರವಿಕೆಯೊಳಗೆ ನಿಲ್ಲಿಸಿ ಬೆನ್ನಿನ ಎರಡೂ ಅಂಚನ್ನು ಕೂಡಿಸಿ ದಾರದಿಂದ ಹೊಲಿದುಬಿಡುತ್ತೇವೆ. ಆಗ ಒಂದು ಸುಕ್ಕಿರುವುದಿಲ್ಲ. ನಾವು ಬಿಚ್ಚುವವರೆಗೆ ಅವಳು ಅದರೊಳಗಿಂದ ಬರಲಾರಳು. ಈ ಹೊಲಿಗೆಮನೆಯಲ್ಲಿ ಬೆನ್ನು ಹೊಲಿಯುವ ಕೆಲಸ ನನ್ನದು. ನನ್ನ ಕತ್ತರಿ ಸೊಂಟದಲ್ಲೇ ಪಟ್ಟಿಗೆ ತೂಗುತ್ತಿರುತ್ತದೆ.

“ಅಕ್ಕಾ, ಬೆಳಗ್ಗೆ ಕೊಟ್ಟಿದ್ದು ಅಷ್ಟೇಯ. ಎರಡೂ ಕಲ್ಲಾಗ್ಬುಟ್ಟವೆ ಕಣಕ್ಕಾ. ಮುಟ್ಟಿದ್ರೆ ಜೀವ ಹೋಯ್ತದೆ,” ಎಂದಳು ಟ್ಯಾಬಿ. ಕಣ್ಣಲ್ಲಿ ನೀರಿತ್ತು.

“ಪಕ್ಕಕ್ಕೆ ತಿರುಗಿ ಅಳು,” ಎಂದೆ. ಒರಟುತನದಿಂದ ಹೇಳಿದ್ದಲ್ಲ. ಸ್ಯಾಟಿನ್ನಿನ ಮೇಲೆ ಒಂದು ಹನಿ ಬಿದ್ದರೂ ಕಲೆ ಹೋಗುವುದಿಲ್ಲ. ನಮ್ಮ ಅಟ್ಟದಲ್ಲಿ ಎಲ್ಲರೂ ಪಕ್ಕಕ್ಕೆ ತಿರುಗಿಯೇ ಅಳುವುದು. ಹೊಸದಾಗಿ ಬಂದವರಿಗೆ ಮೊದಲು ಕಲಿಸುವುದು ಅದನ್ನೇ.

ಚಪ್ಪಟೆ ಎದೆಯ ದೊರೆಸಾನಿಯರಿಗೆಂದು ಇಟ್ಟಿದ್ದ ಹತ್ತಿಯ ಒತ್ತುಗಳಿದ್ದವು. ಹಾಲು ಸೋರಿದರೆ ಹೀರಲೆಂದು ಎರಡನ್ನು ತೆಗೆದು ಟ್ಯಾಬಿಯ ರವಿಕೆಯೊಳಕ್ಕೆ ತುರುಕಲು ನೋಡಿದೆ. ಒಂದಷ್ಟು ಹತ್ತಿ ಒಳಗೆ ಹೋಯಿತು, ಉಳಿದದ್ದಕ್ಕೆ ಜಾಗವೇ ಇರಲಿಲ್ಲ.

ಉಡುಪಿನ ಉದ್ದ ಸೆರಗಿಗೆ ಲೇಸು ಕಟ್ಟುತ್ತಿದ್ದ ಹೆಸ್ಟರ್ ಎದ್ದು ಬಂದಳು. ಹೆಸ್ಟರ್ ಮಾತಾಡುವುದೇ ಅಪರೂಪ. ಟ್ಯಾಬಿಯ ಗಲ್ಲ ಹಿಡಿದು ಎತ್ತಿದಳು.

“ಕೇಳಿಲ್ಲಿ. ಮೊಗೀನ ನೆನುಸ್ಕೋಬ್ಯಾಡ. ನೆನುಸ್ಕಂಡ್ರೆ ಇಳೀತದೆ. ಬ್ಯಾರೆ ಏನಾರ ನೆನುಸ್ಕೋ.”

“ಏನು ನೆನುಸ್ಕಳ್ಳನ?”

“ಮೇಡಂ ಮೂತಿ ನೆನುಸ್ಕೋ. ಹಾಲು ಅಲ್ಲೇ ಮೊಸ್ರಾಗ್ತದೆ.”

ಅಟ್ಟವೆಲ್ಲ ನಕ್ಕಿತು. ಟ್ಯಾಬಿಯೂ ನಗಲು ಹೋಗಿ ಕಡ್ಡಿ ಚುಚ್ಚಿ ಮುಖ ಕಿವುಚಿದಳು. ಹೆಸ್ಟರ್ ಮಾತ್ರ ನಗಲಿಲ್ಲ.

ಹಾಲಿನ ಕಷ್ಟ ಅವಳಿಗೆ ಗೊತ್ತಿತ್ತು. ಕೆಲವು ವರ್ಷದ ಹಿಂದೆ ಹೆಸ್ಟರ್ ಒಂದು ದೊಡ್ಡಮನೆಗೆ ಹಾಲೂಡಿಸುವ ದಾದಿಯಾಗಿ ಹೋಗಿದ್ದಳು. ದಿನಾ ಮಾಂಸ, ದಿನಾ ಕಪ್ಪು ಬಿಯರು, ಗರಿಗರಿ ಮೇಲಂಗಿ. ಅವಳ ಮಗ ಬೇರೆ ಕಡೆ ಸುಣ್ಣ ಬೆರೆಸಿದ ಹಾಲು ಕುಡಿದು, ಅಳದಿರಲೆಂದು ಕೊಟ್ಟ ಅಫೀಮಿನ ಔಷಧಿ ನೆಕ್ಕಿ ಮಲಗಿದವನು ಏಳಲಿಲ್ಲ. ಆ ಸುದ್ದಿ ಹೇಳಿದರೆ ಹಾಲು ಕೆಡುತ್ತದೆಂದು ದೊಡ್ಡಮನೆಯವರು ಅವಳಿಗೆ ತಿಳಿಸಲೇ ಇಲ್ಲ. ಅವರ ಮಗುವಿಗೆ ಹಾಲು ಬಿಡಿಸಿ, ಬಾಗಿಲಲ್ಲಿ ಬೀಳ್ಕೊಡುವಾಗ ಹೇಳಿದರು. ಅಷ್ಟು ದಿನವೂ ಅವಳು ಪ್ರತಿ ವಾರ ಮಗನಿಗೆಂದು ಟೋಪಿ ಹೊಲಿದು ಅವರ ಕೈಗೆ ಕೊಡುತ್ತಿದ್ದಳು, ಅವರು ತೆಗೆದುಕೊಳ್ಳುತ್ತಿದ್ದರು.

ನಾನು ಟ್ಯಾಬಿಯ ಬೆನ್ನು ಹೊಲಿದೆ.

ಅಟ್ಟದ ಕೆಳಗಿನ ಮಹಡಿಯ ಕೋಣೆಯಲ್ಲಿ ಮೂರು ಗೋಡೆಗೂ ಆಳೆತ್ತರದ ಕನ್ನಡಿ, ಕಾಲು ಹೂತುಹೋಗುವ ರತ್ನಗಂಬಳಿ. ನಾವು ಹಿಂದಿನ ಕಲ್ಲುಮೆಟ್ಟಿಲಿಂದ ಇಳಿದು ಬಂದು ಬೂಟು ಕಳಚಿ ಒಳಗೆ ಕಾಲಿಡಬೇಕು. ಬೀದಿಬಾಗಿಲಿಂದ ಏರಿ ಬರುವ ಮುಂದಿನ ಮೆಟ್ಟಿಲಿಗೆ ಕೆಂಪು ಹಾಸಿದೆ, ಅದು ಗಿರಾಕಿಗಳಿಗೆ. ಟ್ಯಾಬಿಯನ್ನು ನಡುವೆ ನಿಲ್ಲಿಸಿದೆವು. ಹೆಗಲಿಂದ ಇಳಿದು ನೆಲದುದ್ದ ಎಳೆದಾಡುವ ಸೆರಗನ್ನು ಹೆಸ್ಟರ್ ಹಿಡಿದು ಕೂತಳು.

ಲೇಡಿ ಆಲ್ತಿಯಾ ಸೋಫಾದಲ್ಲಿ ಒರಗಿ ಬಿಸ್ಕತ್ತು ಮುರಿಯುತ್ತಿದ್ದಳು. ಬಾಣಂತಿ ಕಳೆ ಮುಖದಲ್ಲಿ ಇನ್ನೂ ಇತ್ತು. ಸಡಿಲವಾದ ಗವನು, ಕಾಲಿಗೆ ದಿಂಬು. ನೋಡಲು ಕೆಟ್ಟವಳೇನಲ್ಲ, ಅದೇ ನನ್ನ ಹೊಟ್ಟೆ ಉರಿಸುತ್ತದೆ.

“ಅದಕ್ಕೆ ಈ ಕಡೆ ತಿರುಗೋಕೆ ಹೇಳಿ,” ಎಂದಳು ಮೇಡಂಗೆ.

“ತಿರುಗಮ್ಮಾ,” ಎಂದಳು ಮೇಡಂ ಮೂಗಿನಲ್ಲಿ. ಜೇನು ಸುರಿಯುತ್ತಿತ್ತು.

“ಸೊಂಟ ಚೆನ್ನಾಗಿದೆ. ನಂದು ಹಾಗೇ ಇತ್ತು, ಅಲ್ವಾ? ಅದು ಯಾಕೆ ಹಾಗೆ ಬೆವರ್ತಾ ಇದೆ?”

“ಖುಷಿ, ಮಿಲೇಡಿ. ಇಂಥ ಸ್ಯಾಟಿನ್ ಮುಟ್ಟೋ ಭಾಗ್ಯ ಅವಳಿಗೆಲ್ಲಿ ಸಿಗಬೇಕು?”

ಲೇಡಿ ಆಲ್ತಿಯಾ ಆಕಳಿಸಿದಳು. “ನಿದ್ದೆಯಿಲ್ಲ, ಮೇಡಂ. ಹಾಲೂಡಿಸೋ ದಾದಿಯನ್ನ ನಿನ್ನೆ ಓಡಿಸಿಬಿಟ್ವಿ. ಜಿನ್ ಕುಡೀತಿದ್ದಳು. ಮಗು ಬೆಳಗಿಂದ ಏನೂ ಬಾಯಿಗೇ ಹಾಕಿಲ್ಲ. ನಾನೇ ಕುಡಿಸೋಣ ಅಂದ್ರೆ ನಮ್ಮತ್ತೆ ಇದೇನು ಗೊಲ್ಲರ ಮನೆಯೇ ಅಂತಾರೆ. ನಾಡಿದ್ದಕ್ಕೆ ಎದೆ ಕೆಟ್ಟರೆ ಈ ರವಿಕೆ ಗತಿಯೇನು? ನಾನು ಮನೆಯಿಂದ ಹೊರಟಾಗ್ಲೂ ಕೂಗ್ತಾನೇ ಇತ್ತು. ಹೇಗೆ ಕೂಗುತ್ತೆ ಗೊತ್ತಾ, ಬೆಕ್ಕಿನ ಮರಿ ಥರ...”

ಅವಳು ಬಾಯಿ ಚೂಪು ಮಾಡಿ ಕೂಸು ಅಳುವ ಹಾಗೆಯೇ ಅತ್ತು ತೋರಿಸಿದಳು. ಅವಳಿಗೆ ಚೆನ್ನಾಗಿ ಬರುತ್ತಿತ್ತು. ಇನ್ನೊಂದು ಸಲ ತೋರಿಸಿ ನಕ್ಕಳು.

ನಾನು ಟ್ಯಾಬಿಯ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿ ತುಟಿ ಕಚ್ಚಿ ಮೇಡಂನ ಮೂತಿಯನ್ನು ನೆನೆಯಲು ನೋಡುತ್ತಿದ್ದಳೆಂದು ಕಾಣುತ್ತದೆ. ಆಗಲಿಲ್ಲ. ತಿಳಿಗುಲಾಬಿ ಸ್ಯಾಟಿನ್ನಿನ ಮೇಲೆ ಒಂದು ಒದ್ದೆ ಕಪ್ಪು ಚುಕ್ಕೆ ಎದ್ದಿತು. ಇನ್ನೊಂದು ಕಡೆಯೂ ಎದ್ದಿತು. ಕನ್ನಡಿಗಳಲ್ಲಿ ಎಲ್ಲ ಕಡೆಯೂ ಹರಡಿತು.

ಮೇಡಂ ಮೊದಲು ಬೆವರೆಂದುಕೊಂಡಳು. ಬೆರಳಿಂದ ಒತ್ತಿದಳು, ಮೂಸಿದಳು. ಕೈಯಲ್ಲಿದ್ದ ಅಳತೆಕೋಲು ಟ್ಯಾಬಿಯ ಕೆನ್ನೆಗೆ ಬಿತ್ತು.

“ಹಾಲು! ಅಯ್ಯೋ ನಿನ್ನ ವಂಸ ಹಾಳಾಗ, ಹಾದರಗಿತ್ತಿ! ಯಾವನ್ಗೇ ಹೆತ್ತೆ? ಎಲ್ಲಿ ಬಚ್ಚಿಟ್ಟಿದ್ದೀಯೇ? ನನ್ನ ಸ್ಯಾಟಿನ್ನು! ರಾಣಿಯವ್ರ ಮುಂದೆ ಹೋಗೋ ಬಟ್ಟೆ ಮ್ಯಾಲೆ ನಿನ್ನ ಬೀದಿ ಹಾಲು ಸುರುದ್ಯಲ್ಲೇ!”

“ಮೇಡಂ,” ಎಂದಳು ಲೇಡಿ ಆಲ್ತಿಯಾ ನಗುತ್ತ, “ನಿಮ್ಮ ಪ್ಯಾರಿಸ್ ಎಲ್ಲಿ ಹೋಯ್ತು?”

ಮೇಡಂ ಅಳತೆಕೋಲನ್ನು ಬೆನ್ನ ಹಿಂದೆ ಅಡಗಿಸಿದಳು. ಲೇಡಿ ಆಲ್ತಿಯಾ ಎದ್ದು ಬಂದು ಕೈಗನ್ನಡಕ ಹಿಡಿದು ಆ ಕಲೆಯನ್ನು ಹತ್ತಿರದಿಂದ ನೋಡಿದಳು. ಆಮೇಲೆ ಟ್ಯಾಬಿಯ ಮುಖವನ್ನು. ಅದೇ ಮೊದಲ ಸಲ ಇರಬೇಕು, ಅವಳು ಆ ಮುಖ ನೋಡಿದ್ದು.

“ಹೊಡೀಬೇಡಿ ಪಾಪ. ಮಗು ಎಷ್ಟು ದೊಡ್ಡದು?”

“ನಿಮ್ಮ ಮೊಗೀನ ವಾರಿಗೇನೇಯ, ತಾಯಿ,” ಎಂದಳು ಟ್ಯಾಬಿ ನೆಲ ನೋಡುತ್ತ.

“ಹಲ್ಲು ತೋರಿಸು. ಹಾಂ. ನಾಲಿಗೆ. ಮೈಯಲ್ಲಿ ಏನೂ ರೋಗ ಇಲ್ಲ ತಾನೆ? ಜಿನ್ ಕುಡಿಯಲ್ಲ? ಮೇಡಂ, ದೇವರೇ ಕೊಟ್ಟ ಹಾಗಾಯ್ತು! ಇವಳನ್ನ ನಾನು ಕರ್ಕೊಂಡು ಹೋಗ್ತೀನಿ, ಈಗಲೇ, ಗಾಡಿಯಲ್ಲೇ. ಡಾಕ್ಟರು ಸಂಜೆ ಬಂದು ನೋಡಲಿ.”

ಮೇಡಂನ ಮೂಗು ತಕ್ಷಣ ಪ್ಯಾರಿಸ್ಸಿಗೆ ಹಿಂತಿರುಗಿತು. “ಮಿಲೇಡಿಯವರ ಹೃದಯ ದೊಡ್ಡದು. ಕೇಳಿಸ್ತೇನಮ್ಮಾ? ಕಾಲಿಗೆ ಬೀಳು.”

ಟ್ಯಾಬಿ ಬೀಳಲಿಲ್ಲ. ಬೀಳಬೇಕೆಂದರೂ ಆ ಕಡ್ಡಿಗಳಲ್ಲಿ ಬಾಗಲು ಆಗುತ್ತಿರಲಿಲ್ಲ. “ನನ್ನ ಮೊಗಾನೂ ಕರ್ಕಂಬತ್ತೀನಿ ತಾಯಿ. ಅದು ಗಲಾಟೆ ಮಾಡಲ್ಲ. ಇಬ್ರಿಗೂ ಆಗೋವಷ್ಟೈತೆ ಹಾಲು.”

“ಛೆ, ಅದಾಗಲ್ಲ. ಎರಡು ಮಕ್ಕಳು ಕುಡಿದ್ರೆ ನಮ್ಮ ಮಗುಗೆ ತೆಳುವಾಗುತ್ತೆ. ನೀನು ಅದನ್ನ ನೋಡೋದೂ ಬೇಡ. ನೋಡಿದ್ರೆ ದಾದಿ ಮನಸ್ಸು ಕೆಡುತ್ತೆ ಅಂತಾರೆ ಡಾಕ್ಟರು.”

“ಮತ್ತೆ ಅದು ಏನು ಕುಡೀಬೇಕು ತಾಯಿ?”

ಲೇಡಿ ಆಲ್ತಿಯಾ ನಿಜವಾಗಿಯೂ ಯೋಚಿಸಿದಳು. “ಅಂಥವಕ್ಕೆ ಏನೋ ಕೊಡ್ತಾರಲ್ಲ? ಬ್ರೆಡ್ಡು ನೆನೆಸಿದ ನೀರು, ಸಕ್ಕರೆ. ಬಡವರ ಮಕ್ಕಳು ಗಟ್ಟಿ ಕಣಮ್ಮಾ. ನೀನು ಹೇಗೆ ಬೆಳೆದೆ ನೋಡು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ತನ್ನ ಮಗು ಹಸಿದಿದೆ ಎಂಬುದೊಂದೇ ಅವಳಿಗೆ ಗೊತ್ತಿತ್ತು. ಇನ್ನೊಂದು ಮಗುವೂ ಈ ಹೊತ್ತಿನಲ್ಲಿ ಹಸಿದು ಕಾದಿದೆ ಎಂಬುದು ಅವಳ ತಲೆಯ ಬಾಗಿಲು ತಟ್ಟಲೇ ಇಲ್ಲ. ನಾನು ಸೆರಗಿನ ಕಡೆ ನೋಡಿದೆ. ಅದು ಕಂಬಳಿಯ ಮೇಲೆ ಬಿದ್ದಿತ್ತು, ಹಿಡಿದಿದ್ದ ಹೆಸ್ಟರ್ ಅಲ್ಲಿರಲಿಲ್ಲ.

ಮೇಡಂ ಟ್ಯಾಬಿಯ ಕಿವಿಯ ಹತ್ತಿರ ಬಂದು ಹಲ್ಲು ಕಡಿದಳು. “ಹೂಂ ಅನ್ನೇ. ಇಲ್ದಿದ್ರೆ ಬಾಗ್ಲಲ್ಲಿರೋ ಜವಾನನ್ನ ಕಳ್ಸಿ ಪೋಲೀಸ್ನೋರ್ನ ಕರ್ಸ್ತೀನಿ. ಗಿರಾಕಿ ಮಾಲು ಹಾಳ್ಮಾಡುದ್ಳು ಅಂತ. ಜೈಲಲ್ಲಿ ಕುಡ್ಸೀಯಂತೆ, ಇಲಿಗೆ.”

ಟ್ಯಾಬಿ ನನ್ನತ್ತ ನೋಡಿದಳು. ನಾನೇನು ಹೇಳಲಿ? ಹೋಗು ಅಂದರೆ ವಿನ್ನಿ ಹೆಸ್ಟರಳ ಮಗನ ದಾರಿ ಹಿಡಿಯುತ್ತಾಳೆ, ಬೇಡ ಅಂದರೆ ತಾಯಿ ಮಗಳಿಬ್ಬರೂ. ಅವಳು ಹೂಂ ಎಂದುಬಿಡುತ್ತಾಳೆಂದು ಭಯವಾಯಿತು, ಎನ್ನುವುದಿಲ್ಲ ಎಂದೂ ಭಯವಾಯಿತು.

“ಹೂಂ ಅಂದ್ಲು ಅಂತ್ಲೇ ತಿಳ್ಕೊಳ್ಳಿ, ಮಿಲೇಡಿ,” ಎಂದಳು ಮೇಡಂ. “ಡಾರ್ಕಸ್, ಹಿಂದಿನ ಹೊಲಿಗೆ ಬಿಚ್ಚಿ ಹುಷಾರಾಗಿ ತೆಗಿ. ಒಂದೆಳೆ ಹರೀಬಾರ್ದು. ತವುಡು ಹಾಕಿ ಉಜ್ಜಿ, ಮೇಲೆ ಲೇಸು ಮುಚ್ಚಿದ್ರೆ ಕಲೆ ಕಾಣಲ್ಲ. ನಾಡಿದ್ದಿಗೆ ಆಗ್ತದೆ.”

ಹೌದು, ಆಗುತ್ತಿತ್ತು. ಎಷ್ಟು ಕಲೆಗಳನ್ನು ಲೇಸಿನ ಕೆಳಗೆ ಮುಚ್ಚಿಲ್ಲ ನಾವು! ಕತ್ತರಿ ತೆಗೆದು ಟ್ಯಾಬಿಯ ಬೆನ್ನ ಹಿಂದೆ ನಿಂತೆ. ಮೊದಲ ಗಂಟನ್ನು ಹುಡುಕುತ್ತಿದ್ದಾಗ ಕೆಳಗಿಂದ ಜವಾನನ ಕೂಗು ಕೇಳಿಸಿತು.

“ಏಯ್, ಆ ಮೆಟ್ಲಲ್ಲ! ಏಯ್ ಹೆಂಗ್ಸೇ! ಕೆಸ್ರು ಕಾಲು!”

ಹೆಸ್ಟರ್ ಕೆಂಪು ಹಾಸಿನ ಮೆಟ್ಟಿಲನ್ನೇರಿ ಬರುತ್ತಿದ್ದಳು. ಬೂಟಿನ ತುಂಬ ಕಲ್ಲಿದ್ದಲಿನ ಕೆಸರು. ಒಂದೊಂದು ಮೆಟ್ಟಿಲಿಗೂ ಒಂದೊಂದು ಗುರುತು. ಕೈಯಲ್ಲಿ ಹಳೆಯ ಶಾಲು, ಶಾಲಿನೊಳಗೆ ವಿನ್ನಿ. ಮಗು ಅಳುತ್ತಿದ್ದುದು ಬೆಕ್ಕಿನ ಮರಿಯ ಥರ ಏನೂ ಅಲ್ಲ. ಗಂಟಲು ಕಿತ್ತುಹೋಗುವ ಹಾಗೆ, ಮನೆಯೊಡತಿಯ ಹಾಗೆ ಅಳುತ್ತಿತ್ತು.

“ತಗಳವ್ವ ನಿನ್ನ ಮೊಗೀನ,” ಎಂದಳು ಹೆಸ್ಟರ್. “ಇದು ಸತ್ತಿಲ್ಲ. ನೋಡ್ಕೋ.”

ಜವಾನ ಹಿಂದೆಯೇ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ. “ಹೋಗೋ, ಪೋಲೀಸ್ನೋನ್ನ ಕರ್ಕಂಬಾರೋ, ಮೂಲೇಲಿ ನಿಂತಿರ್ತಾನೆ!” ಎಂದು ಮೇಡಂ ಅರಚಿದಳು. ಅವನು ಓಡಿದ.

ಟ್ಯಾಬಿ ಮಗುವನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು. ಮಗು ಮೂಗಿನಿಂದ ಹಾಲನ್ನು ಹುಡುಕಿ ಹೋಯಿತು. ಒದ್ದೆ ಸ್ಯಾಟಿನ್ ಬಾಯಿಗೆ ಸಿಕ್ಕಿತು. ಅದನ್ನೇ ಚೀಪಿತು, ಬಿಟ್ಟು ಅತ್ತಿತು, ಮತ್ತೆ ಚೀಪಿತು. ಟ್ಯಾಬಿ ರವಿಕೆಯ ಕೊರಳನ್ನು ಹಿಡಿದೆಳೆದಳು. ಬೆರಳು ತೂರುವಷ್ಟೂ ಸಂದಿರಲಿಲ್ಲ. ಅಷ್ಟು ಬಿಗಿಯಾಗಿ ಹೊಲಿದವಳು ನಾನೇ.

“ಅಕ್ಕಾ!” ಎಂದಳು.

ನಾನು ಅವಳ ಮುಂದಕ್ಕೆ ಬಂದೆ.

“ಹಿಂದೆ ಕಣೇ ಹೊಲಿಗೆ ಇರೋದು! ಹಿಂದೆ!” ಎಂದಳು ಮೇಡಂ.

“ಗೊತ್ತು,” ಎಂದೆ. “ಹಾಕ್ದೋಳು ನಾನಲ್ವಾ?”

ಕತ್ತರಿಯ ಬಾಯನ್ನು ಕಲೆಯ ಪಕ್ಕಕ್ಕೇ ಇಟ್ಟು ಒತ್ತಿದೆ. ಒಳ್ಳೆಯ ಸ್ಯಾಟಿನ್ ಸುಲಭವಾಗಿ ಹರಿಯುವುದಿಲ್ಲ. ಕೆಳಗಿನ ಕಡ್ಡಿ ಮುರಿಯುವಾಗ ಎಲುಬು ಮುರಿದಂತೆಯೇ ಸದ್ದಾಯಿತು. ಲೇಡಿ ಆಲ್ತಿಯಾ ಕಿರುಚಿ ಕಿವಿ ಮುಚ್ಚಿಕೊಂಡಳು. ಟ್ಯಾಬಿಯ ಎದೆ ಹೊರಗೆ ಬಂತು, ಕೆಂಪಾಗಿ, ಕಡ್ಡಿಗಳ ಬರೆ ಎದ್ದು. ಮಗು ಕಚ್ಚಿ ಹಿಡಿಯಿತು. ಅಳು ನಿಂತು ಕೋಣೆಯಲ್ಲಿ ಗುಟುಕು ಗುಟುಕು ಶಬ್ದವಷ್ಟೇ ಉಳಿಯಿತು. ಟ್ಯಾಬಿ ಬೆಳಗಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟಳು.

“ನನ್ನ ಉಡುಪು,” ಎಂದಳು ಲೇಡಿ ಆಲ್ತಿಯಾ. ಅವಳ ಕಣ್ಣಲ್ಲಿ ನೀರು ಬಂದಿತ್ತು. “ನಾಡಿದ್ದು ನಾನು ಏನು ಉಡಲಿ? ನಮ್ಮ ಮಗು ಏನು ಕುಡಿಯಲಿ?”

“ಮನೆಗೋಗಿ ಎದೆಗಾಕ್ಕಳಿ, ತಾಯಿ,” ಎಂದಳು ಹೆಸ್ಟರ್. “ನಿಮ್ಗೂ ದೇವ್ರು ಎರಡು ಕೊಟ್ಟವ್ನೆ.”

ಗದ್ದಲ ಕೇಳಿ ಅಟ್ಟದವರು ಇಳಿದು ಬರತೊಡಗಿದ್ದರು. ಒಬ್ಬರೂ ಬೂಟು ಕಳಚಲಿಲ್ಲ. ಬಂದವರು ಕಂಬಳಿಯ ಮೇಲೆ, ಟ್ಯಾಬಿಯ ಸುತ್ತ ನಿಂತರು. ಕನ್ನಡಿಗಳಲ್ಲಿ ನಾವು ಬಹಳ ಜನ ಕಾಣುತ್ತಿದ್ದೆವು. ಮೇಡಂ ನಮ್ಮೊಬ್ಬೊಬ್ಬರ ಹೆಸರನ್ನೂ ಕೂಗಿ, ನಿನ್ನ ಕೆಲ್ಸ ಹೋಯ್ತು, ನಿನ್ನ ಕೆಲ್ಸ ಹೋಯ್ತು ಎನ್ನುತ್ತಿದ್ದಳು. ಟ್ಯಾಬಿಯ ಹೆಸರು ಹೇಳಲು ಹೋಗಿ ತಡವರಿಸಿದಳು. ಅದು ಅವಳಿಗೆ ಗೊತ್ತಿರಲಿಲ್ಲ.

ಕೆಂಪು ಹಾಸಿನ ಮೆಟ್ಟಿಲ ಮೇಲೆ ಪೋಲೀಸಿನವನ ಭಾರವಾದ ಬೂಟುಗಳು ಏರಿ ಬರುವುದು ಕೇಳಿಸಿತು. ಬಾಗಿಲಲ್ಲಿ ಅವನ ಟೋಪಿ ಕಾಣಿಸಿತು.

ಟ್ಯಾಬಿ ಅತ್ತ ನೋಡಲಿಲ್ಲ. ಒಂದು ಕಡೆ ಮುಗಿದಿತ್ತು, ಮಗು ಇನ್ನೂ ಬಾಯಿ ಚಪ್ಪರಿಸುತ್ತಿತ್ತು. ಅವಳು ಅದನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡು ನನ್ನ ಕಡೆ ನೋಡಿದಳು.

ನಾನು ಆ ಕಡೆಯದನ್ನೂ ಕತ್ತರಿಸಿದೆ.